ಹೇಳಿ ಒಪ್ಪಿಸೋದು ಹ್ಯಾಂಗ? ಓದುಗರ ಪ್ರಶ್ನೆ, ಬಳಗದ ಉತ್ತರ

ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ, ಸಂಘದಲ್ಲಿ ಎದುರಿನವರನ್ನು ಮಾತಿನಿಂದ ಒಪ್ಪಿಸುವ ಬಗ್ಗೆ ಪ್ರಶ್ನೆ ಕಳಿಸಿ ಎಂದು ಓದುಗರನ್ನು ಕೇಳಿದ್ದೆವು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯಿಂದ ಬಂದ ಪತ್ರಗಳಲ್ಲಿ ಎಂಟನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಆಪ್ತಸಮಾಲೋಚನೆ ಮತ್ತು ಮಾತುಗಾರಿಕೆಯ ತರಬೇತಿಯಲ್ಲಿ ತೊಡಗಿರುವ ಬಳಗ ಉತ್ತರ ಬರೆದಿದೆ. ಪತ್ರ ಬರೆದವರ ಹೆಸರು ಬಿಟ್ಟಿದ್ದೇವೆ.

ನಮ್ಮದು ರಾಣೇಬೆನ್ನೂರು ತಾಲ್ಲೂಕು, 6 ಎಕರೆ ಗೋವಿನಜೋಳ. ಅಪ್ಪ ಪ್ರತಿ ವರ್ಷ ಅಂದಾಜಿನ ಮೇಲೆ ಡಿಎಪಿ, ಯೂರಿಯಾ ಹಾಕುತ್ತಾನೆ. ಮಣ್ಣು ಪರೀಕ್ಷೆ ಮಾಡಿಸೋಣ ಅಂದರೆ "ನೀ ನನಗ ಒಕ್ಕಲತನ ಕಲಸಾಕ ಬಂದಿಯೇನು" ಅನ್ನುತ್ತಾನೆ. ವಿಡಿಯೋ ತೋರಿಸಿದೆ, ಲೆಕ್ಕ ಬರೆದು ತೋರಿಸಿದೆ. ಕೊನೆಗೆ ಜಗಳವೇ ಆಯಿತು.

ವಿಡಿಯೋ ತೋರಿಸಿದ ಹೊತ್ತಿಗೇ ಮಾತು ಕೆಟ್ಟಿದೆ. ನೀವು ತೋರಿಸಿದ್ದು ಗೊಬ್ಬರದ ಲೆಕ್ಕ, ಅಪ್ಪನ ಕಿವಿಗೆ ಬಿದ್ದದ್ದು "ಇಷ್ಟು ವರ್ಷ ನೀನು ಮಾಡಿದ್ದು ತಪ್ಪು" ಎಂಬ ಮಾತು. ಆಮೇಲೆ ಎಷ್ಟು ಗಟ್ಟಿ ಪುರಾವೆ ತಂದರೂ ಅದು ಆ ಮಾತನ್ನೇ ಇನ್ನಷ್ಟು ಜೋರಾಗಿ ಹೇಳುತ್ತದೆ. ತನ್ನ ಆಯ್ಕೆಯನ್ನು ಯಾರೋ ಕಸಿಯುತ್ತಿದ್ದಾರೆ ಅನ್ನಿಸಿದಾಗ ಮನುಷ್ಯ ಮೊದಲಿನದನ್ನೇ ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲಿ ವಿವರವಾಗಿ ಬರೆದರು. ಇದು ನಿಮ್ಮ ಅಪ್ಪನೊಬ್ಬನ ಹಟವಲ್ಲ.

ಮೊದಲು ಹೊತ್ತು ನೋಡಿಕೊಳ್ಳಿ. ಬಿತ್ತಿಗೆಯ ಗಡಿಬಿಡಿಯಲ್ಲಿ ಬೇಡ, ದಲಾಲಿ ಅಂಗಡಿಯಿಂದ ಪಟ್ಟಿ ಬಂದು ರೇಟಿನ ಚಿಂತೆ ಹತ್ತಿದ ದಿನ ಬೇಡ, ಕಟ್ಟೆಯ ಮೇಲೆ ನಾಲ್ಕು ಜನ ಕೂತಾಗಲಂತೂ ಬೇಡವೇ ಬೇಡ. ಮಣ್ಣಿನ ಮಾದರಿ ತೆಗೆಯುವ ಕಾಲ ಹೇಗೂ ಕಟಾವಾದ ಮೇಲೆ, ಮುಂದಿನ ಗೊಬ್ಬರ ಬೀಳುವ ಮೊದಲು. ಆಗ ಅಪ್ಪನಿಗೂ ಬಿಡುವು. ಇಬ್ಬರೇ ಹೊಲದಲ್ಲಿ ಅಡ್ಡಾಡುವಾಗ ಮಾತು ತೆಗೆಯಿರಿ. ಎದುರುಬದುರು ಕೂತು ಆಡುವ ಮಾತಿಗಿಂತ ಪಕ್ಕಪಕ್ಕ ನಡೆಯುತ್ತ ಆಡುವ ಮಾತಿನಲ್ಲಿ ಬಿಗು ಕಡಿಮೆ.

ಮೊದಲ ದಿನ ಏನನ್ನೂ ಬೇಡಬೇಡಿ, ಕೇಳಿ ತಿಳಿದುಕೊಳ್ಳಿ. "ಯಪ್ಪಾ, ಇಷ್ಟ ಹೊಲದಾಗ ಯಾವ ತುಕಡಿ ನಿನಗ ಸರಿ ಕೈ ಹತ್ತವಲ್ದು?" ಇಷ್ಟು ಸಾಕು. ಹೊಲದ ಯಾವ ಮೂಲೆಯಲ್ಲಿ ಬೆಳೆ ಹಳದಿಯಾಗುತ್ತದೆ, ಎಲ್ಲಿ ತೆನೆ ಸಣ್ಣದಾಗುತ್ತದೆ ಎಂಬುದು ಯಾವ ಯಂತ್ರಕ್ಕಿಂತ ಮೊದಲು ಅವನಿಗೆ ಗೊತ್ತು. ಅವನು ಒಂದು ತುಕಡಿ ಹೇಳಿದ ಮೇಲೆ, ಆ ತುಕಡಿಯದಷ್ಟೇ ಮಣ್ಣು ಕೊಟ್ಟು ಬರುತ್ತೇನೆ ಅನ್ನಿ. ಕೊನೆಗೆ "ಬ್ಯಾಡ ಅನಸಿದ್ರ ಬಿಡೂಣು" ಎಂದು ಸೇರಿಸಿ. ಈ ಕೊನೆಯ ಮಾತನ್ನು ಮನಸ್ಸಿಟ್ಟು ಹೇಳಬೇಕು. ಫ್ರಾನ್ಸಿನಲ್ಲಿ 2000ದಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಾರಿಹೋಕರ ಬಳಿ ಬಸ್ಸಿಗೆ ಚಿಲ್ಲರೆ ಬೇಡಿದಾಗ ಕೊಟ್ಟವರು ಶೇ 10. "ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು" ಎಂದು ಸೇರಿಸಿದಾಗ ಕೊಟ್ಟವರು ಶೇ 47ರಷ್ಟು.

ಮಾದರಿ ಸರಿಯಾಗಿ ತೆಗೆಯಿರಿ, ಇಲ್ಲವಾದರೆ ವರದಿಯೇ ನಿಮ್ಮ ವಿರುದ್ಧ ನಿಲ್ಲುತ್ತದೆ. ಆ ತುಕಡಿಯಲ್ಲಿ 8ರಿಂದ 10 ಕಡೆ, 6 ಇಂಚು ಆಳಕ್ಕೆ 'ವಿ' ಆಕಾರದಲ್ಲಿ ತೋಡಿ, ಬದಿಯ ಮಣ್ಣನ್ನು ಮೇಲಿಂದ ಕೆಳಗೆ ಒಂದೇ ದಪ್ಪಕ್ಕೆ ಕೆರೆದು ತೆಗೆಯಿರಿ. ಒಡ್ಡಿನ ಪಕ್ಕ, ಗಿಡದ ನೆರಳು, ತಿಪ್ಪೆ ಇದ್ದ ಜಾಗ ಬಿಡಿ. ಎಲ್ಲ ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲಿ, ಅರ್ಧ ಕಿಲೋ ಉಳಿಯುವ ತನಕ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ನಿಮ್ಮ ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮುಂದಿನ ದಾರಿ ಹೇಳುತ್ತಾರೆ. ತೋಡುವ ಜಾಗಗಳನ್ನು ಅಪ್ಪನೇ ತೋರಿಸಲಿ.

ವರದಿ ಬಂದ ದಿನ ಓದಿ ಹೇಳಿ ಸುಮ್ಮನಾಗಿ. "ನಾ ಹೇಳಿರ್ಲಿಲ್ಲೇನು" ಎಂಬ ಒಂದು ಮಾತು ಮೂರು ತಿಂಗಳ ಕೆಲಸವನ್ನು ನೀರಿಗೆ ಹಾಕುತ್ತದೆ. ಎರಡು ವಾರ ಬಿಟ್ಟು, 10 ಗುಂಟೆಯಲ್ಲಿ ವರದಿಯ ಪ್ರಕಾರ ಗೊಬ್ಬರ ಹಾಕಿ ನೋಡೋಣವೇ ಎಂದು ಕೇಳಿ. 240 ಗುಂಟೆಯಲ್ಲಿ 10 ಗುಂಟೆ ಅಂದರೆ ಕೆಟ್ಟರೂ ಮನೆ ಮುಳುಗುವುದಿಲ್ಲ. ಬೀಜ ಅದೇ, ಬಿತ್ತುವ ದಿನ ಅದೇ ಇರಲಿ, ಗೊಬ್ಬರ ಮಾತ್ರ ಬೇರೆ. ನಾಲ್ಕು ಮೂಲೆಗೆ ಗೂಟ ಹೊಡೆದು, ರಾಶಿಯನ್ನು ಬೇರೆ ತೂಗಿ. ಬೀಜವನ್ನೂ ಬದಲಿಸಿದರೆ ಬಂದ ಫಲ ಯಾವುದರಿಂದ ಬಂತು ಎಂಬ ಹೊಸ ಜಗಳ ಶುರುವಾಗುತ್ತದೆ.

ಸಣ್ಣದಕ್ಕೆ ಒಪ್ಪಿದವರು ಆಮೇಲೆ ದೊಡ್ಡದಕ್ಕೆ ಒಪ್ಪುವುದು ಹೆಚ್ಚು ಎಂಬುದಕ್ಕೆ 1966ರ ಕ್ಯಾಲಿಫೋರ್ನಿಯಾದ ಪ್ರಯೋಗ ಹೆಸರುವಾಸಿ. ಸುರಕ್ಷಿತ ಚಾಲನೆಯ ಸಣ್ಣ ಚೀಟಿ ಅಂಟಿಸಲು ಒಪ್ಪಿದ ಮನೆಯವರಲ್ಲಿ ಶೇ 76 ಮಂದಿ, ಎರಡು ವಾರದ ಮೇಲೆ ಅದೇ ವಿಷಯದ ದೊಡ್ಡ ಫಲಕವನ್ನು ಅಂಗಳದಲ್ಲಿ ನೆಡಲು ಒಪ್ಪಿದರು. ನೇರವಾಗಿ ದೊಡ್ಡ ಫಲಕವನ್ನೇ ಕೇಳಿದಲ್ಲಿ ಒಪ್ಪಿದವರು ಶೇ 17ರಷ್ಟು. ಸಣ್ಣದು, ದೊಡ್ಡದು ಎರಡೂ ಒಂದೇ ವಿಷಯಕ್ಕೆ ಸೇರಿದ್ದಾಗ ಫಲ ಎಲ್ಲಕ್ಕಿಂತ ಹೆಚ್ಚಿತ್ತು ಎಂಬುದನ್ನು ಮರೆಯಬೇಡಿ.

ನಾನು ಹುಬ್ಬಳ್ಳಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ರಜೆಯ ದಿನ ಅದಲುಬದಲು ಮಾಡಿಕೊಳ್ಳಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದರೆ ಯಾರೂ ಉತ್ತರಿಸುವುದಿಲ್ಲ.

ಗುಂಪಿನಲ್ಲಿ ಹಾಕಿದ ಕೋರಿಕೆ ಯಾರದೂ ಅಲ್ಲ. ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದು ಎಲ್ಲರೂ ಬಿಡುತ್ತಾರೆ. ಒಬ್ಬರನ್ನು ಆರಿಸಿ, ಎದುರಿಗೆ ನಿಂತು, ಹೆಸರು ಹಿಡಿದು ಕೇಳಿ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಪರಿಚಿತರಿಗೆ ಒಂದೇ ಕೋರಿಕೆಯನ್ನು ಇಮೇಲ್‌ನಲ್ಲೂ ಮುಖಾಮುಖಿಯಾಗಿಯೂ ಇಟ್ಟಾಗ, ಮುಖಾಮುಖಿ ಕೇಳಿದ್ದು 34 ಪಟ್ಟು ಫಲ ಕೊಟ್ಟಿತು.

ಕಾರಣವನ್ನೂ ಹೇಳಿ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜೆರಾಕ್ಸ್ ಯಂತ್ರದ ಮುಂದೆ ನಿಂತವರ ಬಳಿ "5 ಹಾಳೆ ಇದೆ, ಮೊದಲು ಬಿಡ್ತೀರಾ" ಎಂದಷ್ಟೇ ಕೇಳಿದಾಗ ಶೇ 60 ಮಂದಿ ಬಿಟ್ಟರು, ಅವಸರವಿದೆ ಎಂದಾಗ ಶೇ 94. "ಜೆರಾಕ್ಸ್ ಮಾಡಬೇಕಾಗಿರುವುದರಿಂದ" ಎಂಬ ಕಾರಣವಲ್ಲದ ಕಾರಣಕ್ಕೂ ಶೇ 93. ಆದರೆ ಹಾಳೆ 20 ಆದ ಕೂಡಲೇ ಪೊಳ್ಳು ಕಾರಣದ ಆಟ ನಿಂತಿತು: ಕಾರಣವಿಲ್ಲದಾಗಲೂ ಪೊಳ್ಳು ಕಾರಣಕ್ಕೂ ಶೇ 24, ನಿಜವಾದ ಕಾರಣಕ್ಕೆ ಶೇ 42. ಭಾನುವಾರದ ರಜೆ 20 ಹಾಳೆಯ ಲೆಕ್ಕದ್ದು. "ತಂಗಿ ನಿಶ್ಚಯ ಐತಿ, ಭಾನುವಾರ ನನ್ನ ಬದ್ಲಿ ನಿಂದರ್ತಿಯೇನು? ಬುಧವಾರ ನಿನ್ನ ಬದ್ಲಿ ನಾ ನಿಂದರ್ತೀನಿ" ಎಂದು ಕಾರಣ ಮತ್ತು ವಾಪಸ್ ಕೊಡುವ ದಿನ ಎರಡನ್ನೂ ಒಟ್ಟಿಗೇ ಹೇಳಿ.

ಗೋಕುಲ ರಸ್ತೆಯ ಕಡೆ ಮೂರು ವರ್ಷದಿಂದ ಬಾಡಿಗೆಗಿದ್ದೇವೆ. ಬಾಡಿಗೆ 9,000. ಬರುವ ತಿಂಗಳಿಂದ 10,500 ಕೊಡಿ ಎಂದು ಮನೆ ಮಾಲಕರು ಹೇಳಿದ್ದಾರೆ. ಮೇಲಿನ ನೀರಿನ ಟಾಕಿ ಒಂದು ವರ್ಷದಿಂದ ಸೋರುತ್ತಿದೆ, ದುರಸ್ತಿ ಮಾಡಿಸಿಲ್ಲ. ನಮ್ಮ ಯಜಮಾನರು "ಬಿಟ್ಟು ಹೋಗ್ತೀವಿ ಅಂತ ಹೇಳಿಬಿಡೋಣ" ಅನ್ನುತ್ತಾರೆ.

ನಿಜವಾಗಿ ಬಿಡುವ ಮನಸ್ಸಿಲ್ಲದೆ ಆ ಮಾತು ಬೇಡ. ಅವರು "ಆತು, ಬಿಡ್ರಿ" ಅಂದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಲೆಕ್ಕ ಹಾಕೋಣ. ಏರಿಕೆ 1,500, ಅಂದರೆ ಶೇ 16ಕ್ಕಿಂತ ಹೆಚ್ಚು, ವರ್ಷಕ್ಕೆ 18,000. ನೀವು ಬಿಟ್ಟರೆ ಮಾಲಕರಿಗೆ ಮನೆ ಖಾಲಿ ಇದ್ದ ಪ್ರತಿ ತಿಂಗಳಿಗೆ 9,000 ಹೋಗುತ್ತದೆ, ಬಣ್ಣ ಹಚ್ಚುವ ಖರ್ಚು ಬೀಳುತ್ತದೆ, ಬರುವವರು ಹೇಗಿರುತ್ತಾರೋ ಗೊತ್ತಿಲ್ಲ. ಈ ಲೆಕ್ಕವನ್ನು ನೀವು ಬಾಯಿಬಿಟ್ಟು ಹೇಳಿದರೆ ಬೆದರಿಕೆಯಾಗುತ್ತದೆ. ಅವರ ತಲೆಯಲ್ಲೇ ಅದು ಓಡುವ ಹಾಗೆ ಮಾಡಬಹುದು: "ಕಾಕಾರ, ಮೂರು ವರ್ಷದಾಗ ಬಾಡಿಗಿ ಒಮ್ಮೆನೂ 5ನೇ ತಾರೀಖು ದಾಟಿಲ್ಲ. ಇನ್ನೂ ಎರಡು ವರ್ಷ ಇಲ್ಲೇ ಇರಬೇಕಂತ ನಮ್ಮ ಮನಸ್ಸೈತಿ." ನಿಮ್ಮಿಂದ ಅವರಿಗಿರುವ ಲಾಭ ಈ ಎರಡು ವಾಕ್ಯದಲ್ಲಿ ಇದೆ.

ನಂತರ 10,500 ಯಾಕೆ ಎಂದು ಕೇಳಿ, ಉತ್ತರ ಮುಗಿಯುವ ತನಕ ನಡುವೆ ಬಾಯಿ ಹಾಕಬೇಡಿ. ಪಕ್ಕದ ಮನೆಗೆ ಅಷ್ಟು ಬರುತ್ತದೆ ಎಂದರೆ ಅದು ಒಂದು ಮಾತು, ಮಗನ ಸಾಲದ ಕಂತು ಇದೆ ಎಂದರೆ ಬೇರೆ ಮಾತು. ಎರಡಕ್ಕೂ ಒಂದೇ ಉತ್ತರ ನಡೆಯುವುದಿಲ್ಲ.

ಈಗ ನಮ್ಮ ಕಡೆಯ ಹಳೆಯ ಚಟವೊಂದನ್ನು ನೋಡಿ: "ನಡುವಿಂದಕ್ಕ ಮುಗಸೂಣು." ನೀವು 9,500 ಅಂದರೆ ನಡುವಿನದು 10,000. ನೀವು 9,000ಕ್ಕೇ ನಿಂತರೆ ನಡುವಿನದು 9,750. ಅಂದರೆ ನಿಮ್ಮ ಮೊದಲ ಅಂಕಿಯೇ ಕೊನೆಯ ಅಂಕಿಯನ್ನು ಎಳೆಯುತ್ತದೆ. "9,500ರಿಂದ 10,000ದ ಒಳಗೆ ನೋಡ್ರಿ" ಎಂದರಂತೂ ಅವರ ಕಿವಿಗೆ ಬೀಳುವುದು 10,000 ಒಂದೇ. ಅವರ 10,500ನ್ನು ನಿಮ್ಮ ಬಾಯಿಂದ ಮತ್ತೆ ಮತ್ತೆ ಹೇಳಬೇಡಿ, ಹೇಳಿದಷ್ಟು ಸಲ ಅದು ಗಟ್ಟಿಯಾಗುತ್ತದೆ. ಮೊದಲು ದೊಡ್ಡದು ಕೇಳಿ ಆಮೇಲೆ ಇಳಿದವರಿಗೆ ಜನ ಹೆಚ್ಚು ಒಪ್ಪುತ್ತಾರೆ ಎಂಬುದೂ ಗೊತ್ತಿರಲಿ. 1975ರ ಅಮೆರಿಕದ ಪ್ರಯೋಗದಲ್ಲಿ ಬಾಲಾಪರಾಧಿ ಮಕ್ಕಳನ್ನು ಎರಡು ತಾಸು ಪ್ರಾಣಿಸಂಗ್ರಹಾಲಯಕ್ಕೆ ಕರೆದೊಯ್ಯಲು ನೇರವಾಗಿ ಕೇಳಿದಾಗ ಒಪ್ಪಿದ ವಿದ್ಯಾರ್ಥಿಗಳು ಶೇ 17ರಷ್ಟು. ಎರಡು ವರ್ಷದ ಸೇವೆ ಕೇಳಿ, ಅವರು ಒಲ್ಲೆ ಎಂದ ಮೇಲೆ ಇದನ್ನು ಕೇಳಿದಾಗ ಶೇ 50. ಹಾಗಾಗಿ ಮಾಲಕರು 500 ಇಳಿಸಿದ ಕೂಡಲೇ ಗೆದ್ದೆವೆಂದು ಎದ್ದು ಬರಬೇಡಿ.

ನಮ್ಮ ಸಲಹೆ ಇದು. ಟಾಕಿಯನ್ನು ದೂರಿಗೆ ಬಳಸದೆ ಬಾಡಿಗೆಗೆ ಜೋಡಿಸಿ: "ಟಾಕಿ ದುರಸ್ತಿ ಆಗೂ ತನಕ 9,000, ಆದ ತಿಂಗಳಿಂದ 9,700. ಮುಂದಿನ ವರ್ಷ ಎಷ್ಟು ಅನ್ನೋದು ಈಗ ಬರ್ಕೊಳ್ಳೂಣು." ಏರಿಕೆ ಬೇಗ ಸಿಗಬೇಕಾದರೆ ಗೌಂಡಿಯನ್ನು ಬೇಗ ಕರೆಸಬೇಕು, ಅದು ಅವರಿಗೇ ಲಾಭ. ಒಪ್ಪಿದ್ದನ್ನು ಕರಾರು ಪತ್ರ ಹೊಸದು ಮಾಡುವಾಗ ಬರೆಸಿ. ಹೋಗುವಾಗ ಗಂಡ ಹೆಂಡತಿ ಇಬ್ಬರೂ ಹೋಗಿ, ಆದರೆ ಅಂಕಿಯನ್ನು ಒಬ್ಬರೇ ಹೇಳಿ. ಇಬ್ಬರ ಬಾಯಲ್ಲಿ ಎರಡು ಅಂಕಿ ಬಂದರೆ ದೊಡ್ಡದೇ ನಿಲ್ಲುತ್ತದೆ.

ಗದಗ-ಬೆಟಗೇರಿ. ನಮ್ಮವರು ವಾಹನ ಓಡಿಸುತ್ತಾರೆ, ವಯಸ್ಸು 38. ದಿನಕ್ಕೆ ಹತ್ತು ಪಾಕೀಟು ಗುಟ್ಕಾ. ಬೈದೆ, ಅತ್ತೆ, ಕ್ಯಾನ್ಸರ್ ಚಿತ್ರ ತೋರಿಸಿದೆ, ಮಕ್ಕಳ ಆಣೆ ಹಾಕಿಸಿದೆ. ಎರಡು ದಿನ ಬಿಟ್ಟು ಮತ್ತೆ ಶುರು.

ಎರಡು ದಿನ ಬಿಟ್ಟಿದ್ದಾರೆ ಅಂದರೆ ಬಿಡುವ ಮನಸ್ಸು ಒಳಗಿದೆ. ಈಗಿನ ತೊಡಕೆಂದರೆ, ಬಿಡಬೇಕು ಎನ್ನುವ ಪಕ್ಷವನ್ನು ಪೂರ್ತಿ ನೀವು ಹಿಡಿದಿದ್ದೀರಿ, ಅವರಿಗೆ ಉಳಿದಿರುವುದು ಬಿಡಲಾರೆ ಎನ್ನುವ ಪಕ್ಷ ಮಾತ್ರ. ಕುಡಿತದ ಚಟದವರ ಜೊತೆ ಕೆಲಸ ಮಾಡುತ್ತಿದ್ದ ವಿಲಿಯಂ ಮಿಲ್ಲರ್ 1983ರಲ್ಲಿ ಬರೆದದ್ದು ಇದನ್ನೇ: ಬದಲಾಗಬೇಕೆಂಬ ಮಾತು ಚಟದವರ ಬಾಯಿಂದಲೇ ಬರುವಂತೆ ಕೇಳಬೇಕು. ಇಂದು ಚಟ ಬಿಡಿಸುವ ಆಪ್ತಸಮಾಲೋಚಕರು ಎಲ್ಲೆಡೆ ಬಳಸುವ ವಿಧಾನ ಅಲ್ಲಿಂದ ಬೆಳೆದದ್ದು. ಬರಿಯ ಹೆದರಿಕೆ ಯಾಕೆ ಸೋಲುತ್ತದೆ ಎಂದರೆ, ಭಯವಿದ್ದು ದಾರಿ ಕಾಣದಿದ್ದಾಗ ಮನುಷ್ಯ ಭಯದ ಚಿತ್ರದಿಂದ ಮುಖ ತಿರುಗಿಸುತ್ತಾನೆ, ತಿರುಗಿಸಿದವನು ಸಮಾಧಾನಕ್ಕೆ ಕೈ ಹಾಕುವುದು ಅದೇ ಪಾಕೀಟಿಗೆ.

ಅವರು ದಣಿದಿರದ, ಮಕ್ಕಳು ಎದುರಿಗಿಲ್ಲದ ಹೊತ್ತು ನೋಡಿ ಹೀಗೆ ಕೇಳಿ:

"ರೀ, ಬೈಯಂಗಿಲ್ಲ, ಒಂದ ಮಾತ ಕೇಳ್ತೀನಿ. ಗುಟ್ಕಾ ಬಿಡೂದು ನಿಮಗ ಎಷ್ಟ ಮುಖ್ಯ ಅನಸ್ತೈತಿ, ಸೊನ್ನೆಯಿಂದ ಹತ್ತರೊಳಗ?"

"ಮೂರು ಅನ್ನು."

ಇಲ್ಲಿ "ಬರೇ ಮೂರೇನ್ರಿ" ಎಂದರೆ ಮುಗಿಯಿತು, ಯಾಕೆ ಮೂರು ಮಾತ್ರ ಎಂಬುದಕ್ಕೆ ಅವರು ಸಮರ್ಥನೆ ಕೊಡಲು ಶುರು ಮಾಡುತ್ತಾರೆ. ಕೇಳಬೇಕಾದದ್ದು ತಿರುವಿ: "ಮೂರ್ಯಾಕ, ಒಂದ್ಯಾಕಲ್ಲ?" ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಬಿಡಲು ಕಾರಣವನ್ನು ಅವರೇ ಹುಡುಕಬೇಕು. "ಬಾಯಿ ಉರೀತೈತಿ, ಖಾರ ತಿನ್ನಾಕ ಆಗಂಗಿಲ್ಲ" ಅನ್ನಬಹುದು. ನೀವು ಅದನ್ನೇ ತಿರುಗಿ ಹೇಳಿ: "ಖಾರ ತಿನ್ನಾಕ ಆಗವಲ್ದು." ಸಲಹೆ ಸೇರಿಸಬೇಡಿ, ಸುಮ್ಮನಿರಿ. ಇನ್ನೊಂದು ಕಾರಣ ತಾನಾಗಿ ಬರುತ್ತದೆ.

ಬೇರೆ ದಿನ ಎರಡನೇ ಅಳತೆ: "ಬಿಡತೀನಿ ಅಂದ್ರ ಬಿಡಾಕ ಆಗ್ತೈತಿ ಅಂತ ಎಷ್ಟ ಧೈರ್ಯ ಐತಿ?" ಮುಖ್ಯ 7 ಎಂದು ಧೈರ್ಯ 2 ಎಂದವರಿಗೆ ಇನ್ನಷ್ಟು ಉಪದೇಶ ಬೇಕಿಲ್ಲ, ಉಪಾಯ ಬೇಕು. ದಿನದ ಹತ್ತು ಪಾಕೀಟು ಯಾವಾಗ ಯಾವಾಗ ಒಡೆಯುತ್ತವೆ ಎಂದು ಅವರೇ ಬರೆಯಲಿ: ಬೆಳಗಿನ ಚಹಾ ಆದ ಮೇಲೆ, ಊಟ ಆದ ಮೇಲೆ, ಸ್ಟೇರಿಂಗ್ ಹಿಡಿದಾಗ, ಗೆಳೆಯರ ಜೊತೆ. ಪ್ರತಿಯೊಂದಕ್ಕೂ "ಹೀಗಾದಾಗ ಹೀಗೆ ಮಾಡುತ್ತೇನೆ" ಎಂಬ ಒಂದು ಗಟ್ಟಿ ವಾಕ್ಯ ಬೇಕು. "ಕಡಿಮಿ ಮಾಡ್ತೀನಿ" ಎಂಬ ಸಂಕಲ್ಪಕ್ಕಿಂತ ಸಂದರ್ಭ ಹಿಡಿದು ಕಟ್ಟಿದ ಇಂಥ ವಾಕ್ಯ ಹೆಚ್ಚು ನಿಲ್ಲುತ್ತದೆ ಎಂದು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ತೋರಿಸಿದ್ದಾರೆ. "ಊಟ ಆಗಿ ಕೈ ಕಿಸೆಕ್ಕ ಹೋದ್ರ ಬಡೇಸೋಪು ಹಾಕ್ಕೋತೀನಿ" ಎಂಬಂಥದು. ಬಡೇಸೋಪಿನ ಬದಲು "ಬರೀ ಅಡಕಿ" ಎಂಬ ರಾಜಿಗೆ ಒಪ್ಪಬೇಡಿ. ಅಡಕೆಯೂ ಬಾಯಿ ಕ್ಯಾನ್ಸರ್ ತರುವ ಪದಾರ್ಥ.

ಬಿಟ್ಟ ಮೊದಲ ಎರಡು ಮೂರು ದಿನ ಸಿಟ್ಟು, ತಲೆನೋವು, ನಿದ್ದೆಗೇಡು ಹೆಚ್ಚು. ನಿಮ್ಮವರು ಎಡವಿದ್ದೂ ಅಲ್ಲೇ. ಒಂದೊಂದು ಸಲದ ಎಳೆತ ಕೆಲವೇ ನಿಮಿಷದ್ದು. ಒಟ್ಟು ತ್ರಾಸು ಎರಡರಿಂದ ನಾಲ್ಕು ವಾರದಲ್ಲಿ ಬಹಳ ಇಳಿಯುತ್ತದೆ. ಆ ದಿನಗಳ ಸಿಟ್ಟಿಗೆ ನೀವು ತಿರುಗಿ ಸಿಟ್ಟಾಗಬೇಡಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-112-356 ಉಚಿತ; ಅದಕ್ಕೆ ಅವರೇ ಕರೆ ಮಾಡಲಿ. ಎಡವಿದರೆ "ಮತ್ತ ಶುರು ಮಾಡಿದ್ರೀ" ಎನ್ನದೆ "ಎರಡು ದಿನ ಹೆಂಗ ತಡಕೊಂಡ್ರಿ?" ಎಂದು ಕೇಳಿ.

ಒಂದು ಎಚ್ಚರಿಕೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರ ದಾಟಿಯೂ ಮಾಯದ ಹುಣ್ಣಿದ್ದರೆ, ಮೂರು ಬೆರಳು ಹೋಗುವಷ್ಟು ಬಾಯಿ ತೆರೆಯದಿದ್ದರೆ ಈ ಮಾತುಕತೆಗೆಲ್ಲ ಕಾಯಬೇಡಿ. ಈ ವಾರವೇ ದಂತವೈದ್ಯರ ಬಳಿ ಕರೆದುಕೊಂಡು ಹೋಗಿ.

ಹೀಗೆ ಲೆಕ್ಕ ಹಾಕಿ ಮಾತಾಡುವುದು ಮೋಸವಲ್ಲವೇ? (ಶಿಗ್ಗಾವಿಯ ನಿವೃತ್ತ ಶಿಕ್ಷಕರೊಬ್ಬರ ಪ್ರಶ್ನೆ)

ಕೇಳಬೇಕಾದ ಪ್ರಶ್ನೆ, ಸರ್. ನಾವು ಇಟ್ಟುಕೊಂಡಿರುವ ಅಳತೆ ಇಷ್ಟು: "ನಿಮ್ಮನ್ನು ಒಪ್ಪಿಸಲು ಹೀಗೆ ಹೀಗೆ ಮಾತಾಡಿದೆ" ಎಂದು ನಾಳೆ ಅವರ ಮುಂದೆಯೇ ಹೇಳಲು ಆಗುತ್ತದೆಯೇ? ಮಗ ಅಪ್ಪನಿಗೆ ಹೇಳಬಹುದು, ಹೆಂಡತಿ ಗಂಡನಿಗೆ ಹೇಳಬಹುದು. ಇಲ್ಲದ ಗಿರಾಕಿಯನ್ನು ಹುಟ್ಟಿಸಿ "ಇನ್ನೊಬ್ರು ಅಡ್ವಾನ್ಸ್ ಕೊಡಾಕ ಬಂದಾರ" ಎಂದವರಿಗೆ ಹೇಳಲಾಗುವುದಿಲ್ಲ. ಎದುರಿನವರಿಗೆ ಒಲ್ಲೆ ಎನ್ನುವ ದಾರಿ ಮುಚ್ಚಿದ್ದರೆ, ಯೋಚಿಸಲು ಹೊತ್ತು ಕೊಡದಿದ್ದರೆ, ಗೊತ್ತಿದ್ದ ಕೊರತೆಯನ್ನು ಬಚ್ಚಿಟ್ಟಿದ್ದರೆ ಅದು ಒಪ್ಪಿಸಿದ್ದಲ್ಲ.

ಮುಂಡರಗಿ ತಾಲ್ಲೂಕಿನ ಹಳ್ಳಿಯ ಸ್ವಸಹಾಯ ಸಂಘ, 14 ಜನ ಸದಸ್ಯೆಯರು. ವಾರದ ಸಭೆಗೆ ಐದು ಮಂದಿ ಬರುವುದೇ ಇಲ್ಲ, ಕಂತೂ ತಡ. ಅಧ್ಯಕ್ಷೆಯಾಗಿ ಪ್ರತಿ ಸಭೆಯಲ್ಲೂ "ಯಾರೂ ಹೊತ್ತಿಗೆ ಸರಿಯಾಗಿ ಬರೂದಿಲ್ಲ, ಯಾರೂ ಕಟ್ಟೂದಿಲ್ಲ" ಎಂದು ಹೇಳಿ ಹೇಳಿ ಸಾಕಾಗಿದೆ.

ಅಕ್ಕಾರ, ಆ ಮಾತನ್ನು ಈ ವಾರದಿಂದಲೇ ನಿಲ್ಲಿಸಿ. ಅದನ್ನು ಕೇಳುತ್ತಿರುವವರು ಬಂದಿರುವ ಒಂಬತ್ತು ಮಂದಿ. ಅವರಿಗೆ ಅದು "ತಡ ಮಾಡೂದು ಎಲ್ಲಾರ ಪದ್ಧತಿ" ಎಂದು ಕೇಳುತ್ತದೆ, ಬರದವರ ಕಿವಿಗಂತೂ ತಲುಪುವುದೇ ಇಲ್ಲ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿ ಹೋದ ಹಳೆಯ ಮರಗಳ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ "ಬಹಳ ಜನ ತುಂಡು ಕದ್ದೊಯ್ದಿದ್ದಾರೆ" ಎಂಬ ಅರ್ಥದ ಫಲಕವಿದ್ದ ದಾರಿಯಲ್ಲಿ ಗುರುತು ಮಾಡಿಟ್ಟ ತುಂಡುಗಳಲ್ಲಿ ಶೇ 8ರಷ್ಟು ಕಳವಾದವು. "ದಯವಿಟ್ಟು ತೆಗೆಯಬೇಡಿ" ಎಂದಷ್ಟೇ ಇದ್ದಲ್ಲಿ ಶೇ 2ಕ್ಕಿಂತ ಕಡಿಮೆ. ತಪ್ಪು ಮಾಡುವವರು ಬಹಳ ಎಂದು ಸಾರಿದರೆ ತಪ್ಪಿಗೆ ಜೊತೆ ಸಿಕ್ಕಂತಾಗುತ್ತದೆ.

ನಿಮ್ಮ ಲೆಕ್ಕ ನಿಮ್ಮ ಪರವಾಗಿಯೇ ಇದೆ, ತಿರುವಿ ಹೇಳಿ: "14ರಾಗ 9 ಮಂದಿ ಈ ವಾರದ ಕಂತು ಕಟ್ಟ್ಯಾರ." ಹೋಟೆಲುಗಳಲ್ಲಿ ಟವೆಲನ್ನು ಇನ್ನೊಮ್ಮೆ ಬಳಸಿ ಎಂದು ಕೋರುವ ಚೀಟಿಯ ಮೇಲೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪರಿಸರ ಉಳಿಸಿ ಎಂದಾಗ ಒಪ್ಪಿದವರು ಶೇ 35, ಹೆಚ್ಚಿನ ಅತಿಥಿಗಳು ಹಾಗೆ ಮಾಡುತ್ತಾರೆ ಎಂದಾಗ ಶೇ 44. ಆದರೆ ಅಂಕಿ ನಿಜವಿರಬೇಕು. ಕಟ್ಟಿದವರು ಐದೇ ಇದ್ದ ವಾರ ಈ ಮಾತನ್ನು ಬಿಟ್ಟುಬಿಡಿ. ಹೋದ ತಿಂಗಳಿಗಿಂತ ಒಬ್ಬರು ಹೆಚ್ಚಾಗಿದ್ದರೆ ಅದನ್ನು ಹೇಳಿ.

ಬರದ ಐವರ ಮನೆಗೆ ಒಬ್ಬೊಬ್ಬರಾಗಿ ಹೋಗಬೇಕು. ವಸೂಲಿಗೆ ಬಂದವರಂತೆ ಪುಸ್ತಕ ಹಿಡಿದು ಹೋಗಬೇಡಿ. "ಯಾಕ ಬರವಲ್ರಿ" ಎಂಬುದಕ್ಕೆ ನೆವ ಬರುತ್ತದೆ. "ಸಭೆ ಯಾವ ಹೊತ್ತಿಗಿದ್ರ ನಿಮಗ ಅನುಕೂಲ?" ಎಂಬುದಕ್ಕೆ ಮಾಹಿತಿ ಬರುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿಗೆ ಹೋದವಳು ಸಂಜೆ ಆರಕ್ಕೆ ಸಭೆಗೆ ಬರಲಾರಳು, ಎಂಟಕ್ಕೆ ಬಂದಾಳು. ಐವರಲ್ಲಿ ಮೂವರು ಒಂದೇ ಕಾರಣ ಹೇಳಿದರೆ ಬದಲಾಗಬೇಕಾದದ್ದು ಸಭೆಯ ಹೊತ್ತು. ಹಿಂದಿನ ಬಾಕಿಯ ಬಗ್ಗೆ ಅವರೇ ಮೊತ್ತ ಮತ್ತು ದಿನ ಹೇಳಲಿ, ನೀವು ಹೇಳಿದ 500ಕ್ಕಿಂತ ಅವಳೇ ಹೇಳಿದ 200 ಹೆಚ್ಚು ಭದ್ರ. ಹೆಸರು ಕೂಗಿ ಸಭೆಯಲ್ಲಿ ಬಾಕಿ ಓದುವ ಪದ್ಧತಿ ಇದ್ದರೆ ಕೈಬಿಡಿ. ಮರ್ಯಾದೆ ಹೋದವಳು ರೊಕ್ಕ ಕೈಗೆ ಬಂದರೂ ಮುಖ ತೋರಿಸುವುದಿಲ್ಲ.

ನಿಮ್ಮ ಜಿಲ್ಲೆಗೆ ಈ ಕೆಲಸ ಹೊಸದಲ್ಲ. ಸಹಕಾರ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು, ದೇಶದ ಮೊದಲನೆಯದು ಎಂದು ಹೆಸರಾಯಿತು. ಉಳಿತಾಯದ ಸಂಘ ನಿಲ್ಲುವುದು ಸದಸ್ಯರು ಪರಸ್ಪರರ ಮಾತಿನ ಮೇಲೆ ಇಡುವ ಭರವಸೆಯಿಂದ. ಆ ಮಾತುಗಳು ಮನೆಬಾಗಿಲಲ್ಲಿ ಆಡಿದವು, ವೇದಿಕೆಯ ಮೇಲಲ್ಲ.

ಧಾರವಾಡ. ನಮ್ಮ ಮಾವನವರಿಗೆ 71. "ಪೊಲೀಸರು, ನಿಮ್ಮ ಹೆಸರಲ್ಲಿ ಕೇಸ್ ಇದೆ" ಎಂಬ ವಿಡಿಯೋ ಕರೆಗಳ ಬಗ್ಗೆ ಎಚ್ಚರಿಸಿದರೆ "ನನಗ ಬುದ್ಧಿ ಇಲ್ಲೇನು" ಎಂದು ಮುನಿಸಿಕೊಳ್ಳುತ್ತಾರೆ.

ಆ ಕರೆ ಮಾಡುವವರೂ ಒಪ್ಪಿಸುವ ವಿದ್ಯೆಯನ್ನೇ ಬಳಸುತ್ತಾರೆ, ಕೆಟ್ಟದ್ದಕ್ಕೆ. ಸಮವಸ್ತ್ರದ ಅಧಿಕಾರ, ಬಂಧನದ ಭಯ, ಈಗಲೇ ಎಂಬ ಅವಸರ, ಯಾರಿಗೂ ಹೇಳಬೇಡಿ ಎಂಬ ಕಟ್ಟಪ್ಪಣೆ: ಈ ನಾಲ್ಕು ಒಂದೇ ಕರೆಯಲ್ಲಿ ಸೇರುತ್ತವೆ. ಬುದ್ಧಿವಂತರೂ ಸಿಕ್ಕಿಬೀಳುವುದು ಇದರಿಂದಲೇ. ಹಾಗಾಗಿ "ಹುಷಾರಿರ್ರಿ" ಎಂಬುದು ಅವರ ಬುದ್ಧಿಯ ಮೇಲೆ ಬೀಳುವ ಮಾತಾಗುತ್ತದೆ.

ಅವರನ್ನು ಕಾಪಾಡಬೇಕಾದವರ ಜಾಗದಿಂದ ಎತ್ತಿ ಕಾಪಾಡುವವರ ಜಾಗದಲ್ಲಿ ಕೂರಿಸಿ: "ಮಾವಾರ, ಇಂಥಾ ಫೋನ್ ನನಗ ಬಂದ್ರ ನಾ ಏನ ಮಾಡ್ಬೇಕು? ಮನ್ಯಾಗ ಎಲ್ಲಾರಿಗೂ ಒಂದ ಪದ್ಧತಿ ಹಾಕಿಕೊಡ್ರಿ." ಪದ್ಧತಿಯನ್ನು ಅವರ ಕೈಯಿಂದಲೇ ಬರೆಸಿ ಫೋನಿನ ಹತ್ತಿರ ಅಂಟಿಸಿ. ಮೂರು ಸಾಲು ಸಾಕು: ಮೊದಲು ಕರೆ ಕಡಿಯುವುದು, ರೊಕ್ಕ ಕಳಿಸುವ ಮೊದಲು ಮನೆಯ ಇನ್ನೊಬ್ಬರಿಗೆ ಹೇಳುವುದು, ಸಂಶಯವಿದ್ದರೆ ಠಾಣೆಗೆ ಕಾಲಲ್ಲಿ ನಡೆದು ಹೋಗುವುದು. ವಿಡಿಯೋ ಕರೆಯಲ್ಲಿ ಬಂಧಿಸುವ ಪದ್ಧತಿ ನಮ್ಮ ಕಾನೂನಿನಲ್ಲಿ ಇಲ್ಲ. ರೊಕ್ಕ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಅದು ಬೇರೆ ಬೇರೆ ಖಾತೆಗೆ ಹಂಚಿಹೋಗುತ್ತದೆ.

ಅವರು ಅಂಥ ಕರೆಯಲ್ಲಿ ಇರುವಾಗಲೇ ನೀವು ನೋಡಿದರೆ "ಅದು ಮೋಸ" ಎಂದು ವಾದಕ್ಕೆ ಇಳಿಯಬೇಡಿ, ಹೆದರಿದವರಿಗೆ ವಾದ ತಲೆಗೆ ಹೋಗುವುದಿಲ್ಲ. "ಮಾವಾರ, ಕೇಸ್ ಇದ್ರ ನಾನೂ ಬರ್ತೀನಿ, ಈಗ ಠಾಣೆಕ್ಕ ಹೋಗೂಣು" ಎಂದು ಕೈ ಹಿಡಿದು ಎಬ್ಬಿಸಿ. ರೊಕ್ಕ ಕಳೆದುಕೊಂಡಿದ್ದರೆ ಬೈದು ಬಿಟ್ಟೀರಿ, ಜೋಕೆ. ಬೈಗುಳದ ಹೆದರಿಕೆಗೆ ಮುಚ್ಚಿಟ್ಟ ತಾಸುಗಳಲ್ಲೇ ರೊಕ್ಕ ಕೈಮೀರುತ್ತದೆ.

ನಾನು 24ರ ಯುವತಿ, ಧಾರವಾಡದ ಸಪ್ತಾಪುರದಲ್ಲಿ ಖೋಲಿ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ತಿಂಗಳಿಗೆ 6,500 ಖರ್ಚು. ಎರಡು ವರ್ಷ ಆಯಿತು, "ಸಾಕಿನ್ನ, ಊರಿಗಿ ಬಾ" ಅನ್ನುತ್ತಾರೆ ಅಪ್ಪ. ಇನ್ನೊಂದು ವರ್ಷ ಕೇಳಬೇಕು.

ಅಪ್ಪನ ಚಿಂತೆ ಯಾವುದು ಎಂದು ನಿಮ್ಮ ಪತ್ರದಲ್ಲಿಲ್ಲ. ರೊಕ್ಕವೋ, ಮದುವೆಯ ವಯಸ್ಸೋ, ಊರವರ ಮಾತೋ? ಮೊದಲು ಅದನ್ನು ತಿಳಿಯಿರಿ. ಮದುವೆಯ ಚಿಂತೆಯವರಿಗೆ ಖರ್ಚಿನ ಲೆಕ್ಕ ಕೊಟ್ಟರೆ ಉತ್ತರ ಸಿಗುವುದಿಲ್ಲ. ಫೋನಿನಲ್ಲಿ ಬೇಡ, ಊರಿಗೆ ಹೋಗಿ ಮಾತಾಡಿ. ಅವ್ವನಿಗೆ ಮೊದಲೇ ತಿಳಿಸಿರಿ, ಆದರೆ ಸೋದರಮಾವನನ್ನು ಮುಂದೆ ಬಿಡಬೇಡಿ. ಮಗಳ ಮಾತನ್ನು ಭಾವಮೈದುನನ ಬಾಯಿಂದ ಕೇಳಿದ ಅಪ್ಪ ವಿಷಯ ಬಿಟ್ಟು ದಾರಿಯ ಬಗ್ಗೆ ಸಿಟ್ಟಾಗುತ್ತಾರೆ.

ನಿಮ್ಮ ವಿರುದ್ಧದ ಮಾತನ್ನು ನೀವೇ ಮೊದಲು ಆಡಿ: "ಎರಡು ವರ್ಷದಾಗ ಲಕ್ಷದ ಮ್ಯಾಲೆ ಖರ್ಚಾತು, ನೌಕರಿ ಬರ್ಲಿಲ್ಲ. ನಿನಗ ಚಿಂತಿ ಆಗೂದು ಸಹಜ." ಎದುರು ಪಕ್ಷದ ಮಾತನ್ನು ಹೇಳಿ ಅದಕ್ಕೆ ಉತ್ತರವನ್ನೂ ಕೊಡುವ ಮಾತು, ತನ್ನದಷ್ಟನ್ನೇ ಹೇಳುವ ಮಾತಿಗಿಂತ ಹೆಚ್ಚು ನಂಬಿಕೆ ಪಡೆಯುತ್ತದೆ. ಆಮೇಲೆ ನಿಮ್ಮ ಕೇಳಿಕೆಗೆ ಗಡಿ ಹಾಕಿ. "ಇನ್ನೊಂದು ವರ್ಷ" ಎಂಬುದು ಕಳೆದ ವರ್ಷವೂ ಕೇಳಿದ ಮಾತು. 10 ತಿಂಗಳು, 65,000, ಇಂಥ ಎರಡು ಪರೀಕ್ಷೆ. ಪೂರ್ವಭಾವಿಯಲ್ಲೇ ಉಳಿದರೆ ಖೋಲಿ ಬಿಡುತ್ತೇನೆ, ಆಮೇಲೆ ಇಂಥ ಕೆಲಸ ಹುಡುಕುತ್ತೇನೆ ಎಂದು ಹೇಳಿ. ಹಿಂದಿನ ಸಲ ಎಷ್ಟು ಅಂಕಕ್ಕೆ ತಪ್ಪಿತು, ಅಭ್ಯಾಸ ಪರೀಕ್ಷೆಗಳಲ್ಲಿ ಈಗ ಎಷ್ಟು ಬರುತ್ತಿದೆ, ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡಿ. ಅಂಕ ಏರದಿದ್ದರೆ ಆ ಹಾಳೆ ನಿಮಗೂ ಒಂದು ವಿಷಯ ಹೇಳುತ್ತಿದೆ. ತಿಂಗಳಿಗೊಮ್ಮೆ ಅಂಕ ಕಳಿಸುತ್ತೇನೆ ಎಂದು ಸೇರಿಸಿ. ಖರ್ಚಿನಲ್ಲಿ 1,500ರಷ್ಟನ್ನಾದರೂ ಸಂಜೆ ಮಕ್ಕಳಿಗೆ ಪಾಠ ಹೇಳಿ ದುಡಿಯಲು ಸಾಧ್ಯವಿದ್ದರೆ ಅದನ್ನೂ. "ನನ್ನ ಖೋಲ್ಯಾಗಿನ ಎಲ್ಲಾರನೂ ಅವರ ಮನ್ಯಾಗ ಬಿಟ್ಟಾರ" ಎಂಬ ಹೋಲಿಕೆ ಮಾತ್ರ ಬೇಡ.

ಹೇಳಿ ಮುಗಿದ ಮೇಲೆ ಸುಮ್ಮನೆ ಕೂಡಿ. ಅಪ್ಪ ಉತ್ತರ ಕೊಡದ ಆ ಒಂದೆರಡು ನಿಮಿಷದಲ್ಲಿ ಗಾಬರಿಯಾಗಿ "ಆರು ತಿಂಗಳಾದ್ರೂ ಕೊಡು" ಎಂದು ನೀವೇ ಇಳಿದುಬಿಡುತ್ತೀರಿ, ಎಚ್ಚರ. "ನೋಡೂಣು" ಅಂದರೆ ಅದನ್ನು ಹೂಂ ಎಂದೂ ತಿಳಿಯಬೇಡಿ, ಉಹೂಂ ಎಂದೂ ತಿಳಿಯಬೇಡಿ. "ಆತಪ್ಪಾ, ವಿಚಾರ ಮಾಡು. ಐತವಾರ ಸಂಜಿಕ ಮತ್ತ ಕೇಳ್ಲೇನು?" ಎಂದು ದಿನ ಗೊತ್ತು ಮಾಡಿಕೊಂಡು, ಹಾಳೆಯನ್ನು ಅಲ್ಲೇ ಬಿಟ್ಟು ಏಳಿ.